ಹಣ್ಣುನೊಣ ಬರುವುದು ಹಣ್ಣಿಗಲ್ಲ

ಹಣ್ಣುನೊಣ ಸಾಕಬೇಕೆಂದು ನಾನು ಮಾಡಿದ ಮೊದಲ ಬಾಟಲಿ ವಾರದೊಳಗೆ ಹಾಳಾಯಿತು. ಗಾಜಿನ ಬಾಟಲಿಯಲ್ಲಿ ಕಿವುಚಿದ ಬಾಳೆಹಣ್ಣು ಹಾಕಿ, ಐದಾರು ನೊಣ ಬಿಟ್ಟು, ಬಾಯಿಗೆ ಹತ್ತಿ ತುರುಕಿದ್ದೆ. ನಾಲ್ಕನೇ ದಿನ ಹಣ್ಣಿನ ಮೇಲೆಲ್ಲ ಹಸಿರು ಬೂಷ್ಟು. ಆಮೇಲೆ ಎರಡು ಮೂರು ದಿನಕ್ಕೆ ನೊಣಗಳೂ ಸತ್ತವು. ಹಣ್ಣುನೊಣಕ್ಕೆ ಹಣ್ಣು ಕೊಟ್ಟರೂ ಹೀಗೇಕೆ ಆಯಿತು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ.

ಆ ಹೆಸರೇ ನನ್ನ ದಾರಿ ತಪ್ಪಿಸಿತ್ತು. ಡ್ರೊಸೊಫಿಲಾ ಎಂಬ ಈ ಪುಟ್ಟ ನೊಣ, ಮೂರು ಮಿಲಿಮೀಟರ್ ಕೂಡ ದಾಟದ್ದು, ಮುಖ್ಯವಾಗಿ ಬದುಕುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ತಿಂದು. ಹಣ್ಣು ಕೊಳೆಯತೊಡಗಿದಾಗ ಅದರ ಸಕ್ಕರೆಯ ಮೇಲೆ ಯೀಸ್ಟ್ ಬೆಳೆಯುತ್ತದೆ. ನೊಣಕ್ಕೆ ಬೇಕಾದದ್ದು ಆ ಯೀಸ್ಟ್. (ತೋಟದಲ್ಲಿ ಗಟ್ಟಿ ಹಣ್ಣಿಗೇ ಚುಚ್ಚಿ ಮೊಟ್ಟೆಯಿಡುವ ದೊಡ್ಡ ಹಣ್ಣುನೊಣ ಬೇರೆಯೇ ಕುಟುಂಬದ್ದು. ಎರಡಕ್ಕೂ ಒಂದೇ ಹೆಸರು ಹೇಳಿ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ.)

ಇದನ್ನು ಹೀಗೆ ನೋಡಿ. ಹಣ್ಣು ಎಂದರೆ ಹೊಲ, ಯೀಸ್ಟ್ ಎಂದರೆ ಅದರಲ್ಲಿ ಬೆಳೆಯುವ ಹುಲ್ಲು, ನೊಣ ಎಂದರೆ ಹಸು. ಬರೀ ಮಣ್ಣು ತೋರಿಸಿ ಹಸು ಸಾಕಲು ಆಗುತ್ತದೆಯೇ? ಇನ್ನೊಂದು ರೀತಿ ಹೇಳುವುದಾದರೆ, ಹಣ್ಣಿನ ಸಕ್ಕರೆ ಸೌದೆಯಂತೆ, ಯೀಸ್ಟ್ ಇಟ್ಟಿಗೆಯಂತೆ. ಸೌದೆ ಉರಿಸಿ ಮೈ ಕಾಯಿಸಬಹುದು, ಗೋಡೆ ಕಟ್ಟಲು ಬರುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಹುಳು ನಾಲ್ಕೇ ದಿನಗಳಲ್ಲಿ ಸುಮಾರು 200 ಪಟ್ಟು ತೂಗುತ್ತದೆ. ಅಷ್ಟು ಮೈ ಕಟ್ಟಲು ಪ್ರೋಟೀನ್ ಬೇಕು, ಬಿ ವಿಟಮಿನ್‌ಗಳು ಬೇಕು. ಹಣ್ಣಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಇನ್ನೂ ಒಂದು ವಿಷಯವಿದೆ. ಕೀಟಗಳು ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ತಾವೇ ತಯಾರಿಸಲಾರವು, ಊಟದಿಂದಲೇ ಪಡೆಯಬೇಕು. ಪೊರೆ ಕಳಚಲು, ಪ್ಯೂಪಾ (ಹುಳು ನೊಣವಾಗುವ ಮುಂಚಿನ ಗೂಡಿನ ಹಂತ) ಆಗಲು ಅಪ್ಪಣೆ ಕೊಡುವ ಹಾರ್ಮೋನು ತಯಾರಾಗುವುದು ಆ ಸ್ಟೆರಾಲ್‌ನಿಂದಲೇ. ಅದೂ ಯೀಸ್ಟ್‌ನಲ್ಲಿದೆ.

ಯೀಸ್ಟ್‌ಗೂ ಇದರಲ್ಲಿ ಲಾಭವಿದೆ. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಒಂದು ಹಣ್ಣಿನ ಸಕ್ಕರೆ ಮುಗಿದರೆ ಇನ್ನೊಂದಕ್ಕೆ ಹೋಗುವುದು ಹೇಗೆ? ಹುದುಗುವಾಗ ಅದು ಎಸ್ಟರ್‌ಗಳೆಂಬ ಘಮಘಮ ವಾಸನೆಯ ವಸ್ತುಗಳನ್ನು ಗಾಳಿಗೆ ಬಿಡುತ್ತದೆ. ನೊಣ ಆ ವಾಸನೆ ಹಿಡಿದು ಬರುತ್ತದೆ, ತಿನ್ನುತ್ತದೆ, ಕಾಲಿಗೂ ಹೊಟ್ಟೆಗೂ ಯೀಸ್ಟ್ ಅಂಟಿಸಿಕೊಂಡು ಮುಂದಿನ ಹಣ್ಣಿಗೆ ಹಾರುತ್ತದೆ. ಹೂವಿಗೂ ಜೇನುನೊಣಕ್ಕೂ ಇರುವಂಥದ್ದೇ ನಂಟು, ಅಲ್ವಾ?

ಈ ನಂಟು ಗೊತ್ತಿಲ್ಲದವರಿಗೆ ನೊಣಗಳು ಹಣ್ಣಿನೊಳಗಿಂದ ತಾವಾಗಿ ಹುಟ್ಟಿದಂತೆ ಕಾಣುತ್ತದೆ. ಈಗಲೂ ಓದಿದವರ ಬಾಯಲ್ಲೇ ಈ ಮಾತು ಕೇಳಿದ್ದೇನೆ. ಪ್ರತಿ ಸಲವೂ ಬೇಸರವಾಗುತ್ತದೆ. 1668ರಲ್ಲೇ ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ ಇದಕ್ಕೆ ಉತ್ತರ ಕೊಟ್ಟಿದ್ದರು. ಮಾಂಸವಿದ್ದ ಕೆಲವು ಜಾಡಿಗಳನ್ನು ತೆರೆದಿಟ್ಟು, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದರು. ತೆರೆದಿಟ್ಟ ಮಾಂಸದಲ್ಲಿ ಮಾತ್ರ ಹುಳು ಕಾಣಿಸಿತು. ಹಣ್ಣುನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಭೂತಗನ್ನಡಿ ಹಿಡಿದರೆ ಅದರ ತುದಿಯಲ್ಲಿ ಎರಡು ಎಳೆಗಳು ಕಾಣುತ್ತವೆ. ಮೊಟ್ಟೆ ಒದ್ದೆ ಹಣ್ಣಿನಲ್ಲಿ ಹುದುಗಿದ್ದರೂ ಆ ಎಳೆಗಳ ಮೂಲಕ ಉಸಿರಾಡುತ್ತದೆ. ಒಮ್ಮೆ ಅದನ್ನು ಕಣ್ಣಾರೆ ನೋಡಿದವರು ತಾನಾಗಿ ಹುಟ್ಟುವ ಕಥೆಯನ್ನು ಮತ್ತೆ ನಂಬಲಾರರು.

ಈಗ ಬಾಟಲಿಗೆ ಬರೋಣ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಬಳಸಿದ್ದು ಹಾಲಿನ ಬಾಟಲಿ ಮತ್ತು ಬಾಳೆಹಣ್ಣು. 16 ಅಡಿ ಅಗಲ, 23 ಅಡಿ ಉದ್ದದ ಒಂದೇ ಕೋಣೆಯಲ್ಲಿ ಅವರ ತಂಡ ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿತು. ಮುಂದೆ ಪ್ರಯೋಗಾಲಯಗಳಲ್ಲಿ ಬಾಳೆಹಣ್ಣಿನ ಜಾಗಕ್ಕೆ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಯೀಸ್ಟ್, ಅಗರ್ ಬಂದವು. ಅಗರ್ ಹಾಕಿದರೆ ಆಹಾರ ಗಟ್ಟಿಯಾಗಿ ನಿಲ್ಲುತ್ತದೆ, ಬಾಟಲಿ ತಲೆಕೆಳಗಾದರೂ ಬೀಳುವುದಿಲ್ಲ. ಮನೆಯಲ್ಲಿ ಒಣ ಆಲೂಗಡ್ಡೆ ಚೂರಿನ ಪುಡಿ, ಸಕ್ಕರೆ, ಸತ್ತ ಯೀಸ್ಟ್ ಪುಡಿ, ನೀರು, ಬೂಷ್ಟು ತಡೆಯಲು ಸ್ವಲ್ಪ ವಿನಿಗರ್ ಸಾಕು. ತಣ್ಣಗಾದ ಮೇಲೆ ಬ್ರೆಡ್ ಮಾಡುವ ಜೀವಂತ ಯೀಸ್ಟ್‌ನ ಹತ್ತಿಪ್ಪತ್ತು ಕಾಳು ಉದುರಿಸಿ.

ಚಮಚಗಟ್ಟಲೆ ಸುರಿಯಬೇಡಿ. ಎರಡನೇ ಸಲ ನಾನು ಮಾಡಿದ ತಪ್ಪು ಅದೇ. ಯೀಸ್ಟ್ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಪ್ರಯೋಗಾಲಯದಲ್ಲಿ ನೊಣಗಳಿಗೆ ಮಂಪರು ಬರಿಸಲು ಬಳಸುವುದೂ ಅದೇ ಅನಿಲ. ಗಾಳಿಗಿಂತ ಭಾರವಾದ ಅದು ಬಾಟಲಿಯ ತಳದಲ್ಲೇ ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ನೊಣಗಳೆಲ್ಲ ಆಹಾರಕ್ಕೆ ಅಂಟಿ ಬಿದ್ದಿದ್ದವು. ಮುಚ್ಚಳದಲ್ಲಿ ಗಾಳಿಯಾಡಬೇಕು. ಒತ್ತಾದ ಬಟ್ಟೆ, ಸ್ಪಂಜು, ಹತ್ತಿಯ ಬಿರಡೆ, ಯಾವುದಾದರೂ ಆದೀತು.

ನೊಣಗಳ ಸಂಖ್ಯೆಯೂ ಮುಖ್ಯ. ಅರ್ಧ ಲೀಟರ್ ಬಾಟಲಿಗೆ 30–40 ಬಿಡುತ್ತೇನೆ. ಕಡಿಮೆಯಾದರೆ ಬೂಷ್ಟು ಗೆಲ್ಲುತ್ತದೆ. ಸಾಕಷ್ಟು ಮರಿಹುಳುಗಳಿದ್ದರೆ ಅವು ಆಹಾರವನ್ನು ಉತ್ತು ಉತ್ತು ಬೂಷ್ಟಿಗೆ ಬೇರೂರಲು ಬಿಡುವುದಿಲ್ಲ. ನನ್ನ ಮೊದಲ ಬಾಟಲಿಯಲ್ಲಿ ಹುಲ್ಲೂ ಇರಲಿಲ್ಲ, ಉಳುವವರೂ ಇರಲಿಲ್ಲ. ತೀರಾ ಜಾಸ್ತಿಯಾದರೆ ಮರಿಗಳಿಗೆ ಊಟ ಸಾಲದೆ ಕುಬ್ಜ ನೊಣಗಳು ಹೊರಬರುತ್ತವೆ. 25 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ನೊಣದವರೆಗೆ ಹತ್ತು ದಿನ. 18 ಡಿಗ್ರಿಯಲ್ಲಿ ಅದರ ಸುಮಾರು ಎರಡು ಪಟ್ಟು. 30ರ ಹತ್ತಿರ ಹೋದರೆ ಗಂಡುಗಳು ಬಂಜೆಯಾಗುತ್ತವೆ.

ನೊಣಗಳನ್ನು ಬೇರೆ ಬಾಟಲಿಗೆ ದಾಟಿಸಲು ಹೆದರಬೇಕಿಲ್ಲ. ಮೆತ್ತನೆಯ ಬಟ್ಟೆಯ ಮೇಲೆ ಬಾಟಲಿಯನ್ನು ಎರಡು ಸಲ ಕುಟ್ಟಿ. ಎಲ್ಲವೂ ತಳಕ್ಕೆ ಬೀಳುತ್ತವೆ. ಕೂಡಲೇ ಬಿರಡೆ ತೆಗೆದು ಹೊಸ ಬಾಟಲಿಯನ್ನು ಬಾಯಿಗೆ ಬಾಯಿ ಸೇರಿಸಿ ಬೋರಲು ಹಾಕಿ. ಬಿದ್ದ ನೊಣ ಮೇಲಕ್ಕೇ ಹತ್ತುತ್ತದೆ, ಬೆಳಕಿನತ್ತಲೇ ಹೋಗುತ್ತದೆ. ಕೆಳಗಿನ ಬಾಟಲಿಯನ್ನು ಕೈಯಿಂದ ಮರೆ ಮಾಡಿದರೆ ಸಾಕು. ಹತ್ತಿರದಿಂದ ನೋಡಬೇಕೆಂದರೆ ಖಾಲಿ ಸೀಸೆಗೆ ದಾಟಿಸಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, ನಿದ್ದೆ ಹೋಗುತ್ತವೆ. ಹೊಟ್ಟೆಯ ತುದಿ ಗುಂಡಗೆ ಕಪ್ಪಾಗಿದ್ದರೆ ಗಂಡು. ತುದಿ ಚೂಪಾಗಿ ಕೊನೆಯವರೆಗೂ ಪಟ್ಟೆಯಿದ್ದರೆ ಹೆಣ್ಣು. ತಿರುಗಿ ಬಿಡುವಾಗ ಬಾಟಲಿ ಅಡ್ಡ ಮಲಗಿರಲಿ, ಎಚ್ಚರವಾದ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಒದ್ದೆ ಆಹಾರಕ್ಕೆ ರೆಕ್ಕೆ ಅಂಟುತ್ತದೆ.

ಸಾಕಿದ ಪುಟ್ಟ ಕಪ್ಪೆಗಳಿಗೆ ಊಟವಾಗಿ ರೆಕ್ಕೆ ಮೊಟಕಾದ ತಳಿ ಬೆಳೆಸುವವರು ಒಂದು ಎಚ್ಚರ ವಹಿಸಬೇಕು. ಹೊರಗಿನ ಒಂದೇ ಒಂದು ಗಂಡು ಒಳಗೆ ನುಸುಳಿದರೂ ಅದರ ಮಕ್ಕಳೆಲ್ಲ ಹಾರುತ್ತವೆ. ಮೊಟಕು ರೆಕ್ಕೆಯ ಗುಣ ಮೊದಲ ಪೀಳಿಗೆಯಲ್ಲಿ ಅಡಗಿಬಿಡುತ್ತದೆ. 1910ರಲ್ಲಿ ಮಾರ್ಗನ್ ಕಂಡದ್ದೂ ಇಂಥದ್ದನ್ನೇ. ಒಂದು ಬಿಳಿ ಕಣ್ಣಿನ ಗಂಡನ್ನು ಕೆಂಪು ಕಣ್ಣಿನ ಹೆಣ್ಣುಗಳೊಂದಿಗೆ ಬಿಟ್ಟರು. ಮಕ್ಕಳಲ್ಲಿ 1,237 ಕೆಂಪು ಕಣ್ಣಿನವು, ಬಿಳಿ ಕಣ್ಣಿನವು ಮೂರೇ ಮೂರು. ಮುಂದಿನ ಪೀಳಿಗೆಯಲ್ಲಿ 782 ಬಿಳಿ ಕಣ್ಣಿನವು ಬಂದವು, ಎಲ್ಲವೂ ಗಂಡು! ವಂಶವಾಹಿ ಕ್ರೋಮೊಸೋಮಿನ (ಜೀವಕೋಶದೊಳಗಿನ ಎಳೆ, ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದೂ ಇಂಥ ಎಳೆಗಳಿಂದಲೇ) ಮೇಲೆ ಕೂತಿದೆ ಎಂಬ ತಿಳಿವಿಗೆ ದಾರಿ ತೆರೆದದ್ದು ಆ ಲೆಕ್ಕ. ಕ್ರೋಮೊಸೋಮುಗಳ ಈ ಕೆಲಸಕ್ಕೆ 1933ರಲ್ಲಿ ಅವರಿಗೆ ನೊಬೆಲ್ ಬಂತು.

ಹಳೆಯ ಬಾಟಲಿಗಳಲ್ಲಿ ನುಸಿ ಸೇರುತ್ತದೆ. ಬಿರಡೆಯ ಸುತ್ತ ಧೂಳಿನಂತೆ ಹರಿದಾಡುವುದು ಕಂಡರೆ ತಡ ಮಾಡಬೇಡಿ. ತಿಂಗಳು ದಾಟಿದ ಯಾವ ಬಾಟಲಿಯನ್ನೂ ನಾನು ಇಟ್ಟುಕೊಳ್ಳುವುದಿಲ್ಲ. ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಎಲ್ಲ ಸತ್ತ ಮೇಲೆ ಎಸೆಯುತ್ತೇನೆ.

ಹತ್ತನೇ ದಿನ ಬೆಳಗ್ಗೆ ಬೇಗ ಎದ್ದು ಬಾಟಲಿ ನೋಡಿ. ಪ್ಯೂಪಾದಿಂದ ನೊಣಗಳು ಹೊರಬರುವುದು ಹೆಚ್ಚಾಗಿ ಬೆಳಗಿನ ಜಾವ. ಡ್ರೊಸೊಫಿಲಾ ಎಂದರೆ ಇಬ್ಬನಿಯನ್ನು ಪ್ರೀತಿಸುವುದು ಎಂದರ್ಥ. ಆಗ ತಾನೇ ಬಂದ ನೊಣ ಪೇಲವವಾಗಿರುತ್ತದೆ, ರೆಕ್ಕೆ ಮುದುಡಿರುತ್ತದೆ. ನೋಡುತ್ತಿದ್ದಂತೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಹೆಣ್ಣು ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕಲ್ಲ, ಅದಕ್ಕೆ ಯೀಸ್ಟ್ ಹುಡುಕಿಕೊಂಡು ಹೋಗುತ್ತದೆ. ಎರಡು ದಿನ ಕಳೆದರೆ ಮೊಟ್ಟೆಯಿಡಲು ತಯಾರು. ಅಷ್ಟರಲ್ಲಿ ಹೊಸ ಬಾಟಲಿಯಲ್ಲಿ ಹುಲ್ಲು ಚಿಗುರಿರಲಿ.