ಬಳ್ಳಾರಿ ರಾಘವರ ಅಭಿನಯ: ನಮ್ಮ ತಾಲೀಮಿಗೆ ಒಂದಿಷ್ಟು ಟಿಪ್ಪಣಿ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಹಳೆಯ ಬರಹಗಳಲ್ಲಿ ತಾಡಿಪತ್ರಿ ರಾಘವಾಚಾರ್ಯ ಎಂದು ಕಂಡರೆ ಅವರು ನಮ್ಮ ರಂಗನಟ ಬಳ್ಳಾರಿ ರಾಘವರೇ. ಹುಟ್ಟಿದ್ದು 1880ರಲ್ಲಿ, ತೀರಿಕೊಂಡದ್ದು 1946ರಲ್ಲಿ. ಮದ್ರಾಸಿನಲ್ಲಿ ಕಾನೂನು ಓದಿ ಬಂದು ಬಳ್ಳಾರಿಯಲ್ಲಿ ವಕೀಲಿ ಮಾಡಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಹಾಗಾಗಿ ತೆಲುಗು ಮತ್ತು ಕನ್ನಡ ಎರಡೂ ರಂಗಭೂಮಿಯವರು ಅವರನ್ನು ತಮ್ಮವರು ಅಂತಾರೆ. ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಎರಡೂ ಭಾಷೆಯಲ್ಲಿ ಅವರು ನಟಿಸಿದ್ದಾರೆ, ಇಂಗ್ಲಿಷಿನಲ್ಲೂ.

ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ನಾಟಕ ಬರೆದವರು, ಇದೇ ಊರಲ್ಲಿ ಸರಸ ವಿನೋದಿನಿ ಸಭೆ ಕಟ್ಟಿದವರು. ಇನ್ನೊಂದು ಕಡೆ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ. ಒಂದೇ ಊರಲ್ಲಿ ಎರಡು ಗಟ್ಟಿ ನಾಟಕ ಸಭೆ!

ಈಗ ಮುಖ್ಯ ವಿಷಯ. ಆ ಕಾಲದ ನಾಟಕ ಎಂದರೆ ಪದ್ಯ, ರಾಗ, ಹಾರ್ಮೋನಿಯಂ. ರಾಗ ಚೆನ್ನಾಗಿ ಎಳೆದರೆ ಜನ ಒನ್ಸ್ ಮೋರ್ ಎನ್ನುತ್ತಿದ್ದರು, ಆಗ ಪ್ರಾಣ ಬಿಟ್ಟ ಪಾತ್ರವೂ ಎದ್ದು ಕೂತು ಮತ್ತೆ ಹಾಡಬೇಕಾಗುತ್ತಿತ್ತು. ಈ ಅತಿಯಾದ ಹಾಡಿಕೆ ರಾಘವರಿಗೆ ಒಪ್ಪಿಗೆಯಿರಲಿಲ್ಲ. ದುಃಖದಲ್ಲಿರುವ ಮನುಷ್ಯ ಆಲಾಪ ಮಾಡುತ್ತಾನಾ? ಮಾತು, ಕಣ್ಣು, ಒಂದು ಕ್ಷಣದ ಮೌನ, ಇವೇ ಪಾತ್ರವನ್ನು ಹೊರಬೇಕು ಎಂಬ ದಾರಿ ಅವರದು. ವಕೀಲಿ ಇದ್ದುದರಿಂದ ಹೊಟ್ಟೆಪಾಡಿಗೆ ಅವರು ನಾಟಕವನ್ನು ನಂಬಿರಲಿಲ್ಲ. ಚಪ್ಪಾಳೆ ಕಡಿಮೆಯಾದರೂ ಹಿಡಿದ ದಾರಿ ಬಿಡದಿರಲು ಅದೂ ಒಂದು ಕಾರಣ ಅಂತ ನನಗನಿಸುತ್ತದೆ.

ಪಾತ್ರಗಳನ್ನು ನೋಡಿ: ದುರ್ಯೋಧನ, ಹಿರಣ್ಯಕಶಿಪು, ಹರಿಶ್ಚಂದ್ರ, ಬೃಹನ್ನಳೆ, ಶೇಕ್ಸ್‌ಪಿಯರನ ಒಥೆಲೋ. ಇವೆಲ್ಲ ಇದ್ದರೂ ನಾನು ನಿಮಗೆ ಓದಲು ಹೇಳುವುದು ಪಠಾಣ್ ರುಸ್ತುಂ ಪಾತ್ರದ ಬಗ್ಗೆ. ಕೋಲಾಚಲಂ ಅವರು ವಿಜಯನಗರದ ಪತನದ ಮೇಲೆ ಬರೆದ ನಾಟಕದ ಪಾತ್ರ ಅದು. ಹಂಪಿ ಕಥೆ ಎಂದರೆ ನಮ್ಮ ಕಣ್ಣು ರಾಮರಾಯನ ಮೇಲೆ ಹೋಗುತ್ತದೆ, ಅಲ್ವಾ? ರಾಘವರು ಹೆಸರು ಮಾಡಿದ್ದು ಪಠಾಣನಾಗಿ.

ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಎಂದು ಪಟ್ಟು ಹಿಡಿದು, ಓದಿದ ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಮನೆಯವರು, ಊರವರು ಏನಂದಾರು ಎಂಬ ಭಯ ಈಗಲೂ ಇರುವಾಗ, ಆಗ ಅದು ಎಷ್ಟು ಕಷ್ಟವಿತ್ತೋ ಯೋಚಿಸಿ.

ಸಿನಿಮಾ ಕಡಿಮೆ. 1936ರ ದ್ರೌಪದಿ ಮಾನಸಂರಕ್ಷಣಂ ಚಿತ್ರದಲ್ಲಿ ದುರ್ಯೋಧನ, ಆಮೇಲೆ 1939ರ ರೈತುಬಿಡ್ಡ, 1940ರ ಚಂಡಿಕಾ. ಇಷ್ಟು ಬರೆದಿಟ್ಟುಕೊಂಡರೆ ಸಾಕು.

ಓದಿದ್ದು ಮೈಗೆ ಇಳಿಯಬೇಕಾದರೆ ಒಂದು ಅಭ್ಯಾಸ ಮಾಡಿ. ದುರ್ಯೋಧನ ತೊಡೆ ಮುರಿದು ಬಿದ್ದಿರುವ ಸಂದರ್ಭದ ಯಾವುದಾದರೂ ಪದ್ಯ ತೆಗೆದುಕೊಳ್ಳಿ. ಮೊದಲು ರಾಗವಾಗಿ ಹೇಳಿ. ಆಮೇಲೆ ನೆಲದ ಮೇಲೆ ಮಲಗಿ, ಉಸಿರು ಸಾಲದ ಕಡೆ ನಿಲ್ಲಿಸಿ, ಸುಮ್ನೆ ಮಾತಿನಂತೆ ಹೇಳಿ. ಎರಡನೇ ಸಲ ಎಲ್ಲಿ ನಿಲ್ಲಿಸಿದಿರಿ ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ತಾಲೀಮಿಗೆ ಬನ್ನಿ.