ಕಿಟ್ ಸೊನ್ನೆ ತೋರಿಸಿದರೂ ತಾಮ್ರ ಇರಬಹುದು

ಮನೆಯಲ್ಲಿ ಕಡಲಿನ ಮೀನು, ಹವಳ ಸಾಕುವ ಟ್ಯಾಂಕಿನ ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಬಣ್ಣ ಹೋಲಿಸಿ ನೋಡುವ ಕಿಟ್‌ಗಳು ಮೂಲತಃ ಮೀನಿಗೆ ಔಷಧ ಹಾಕುವವರಿಗಾಗಿ ಬಂದವು. ಉಪ್ಪುನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಪ್ರತ್ಯೇಕ ಟ್ಯಾಂಕಿನಲ್ಲಿ ಲೀಟರಿಗೆ 0.15ರಿಂದ 0.20 ಮಿ.ಗ್ರಾಂ ಅಯಾನಿಕ್ (ನೀರಿನಲ್ಲಿ ಬಿಡಿಯಾಗಿ ಕರಗಿದ) ತಾಮ್ರ ಕಾಯ್ದುಕೊಳ್ಳಬೇಕಾಗುತ್ತದೆ. ಕೀಲೇಟ್ ರೂಪದ, ಅಂದರೆ ತಾಮ್ರವನ್ನು ಬೇರೆ ಅಣು ಹಿಡಿದಿಟ್ಟಿರುವ, ಕೆಲವು ಔಷಧಗಳಲ್ಲಿ ಆ ಮಟ್ಟ 2 ಮಿ.ಗ್ರಾಂ ದಾಟುತ್ತದೆ. ಅಷ್ಟನ್ನು ತೋರಿಸಲು ಈ ಕಿಟ್ ಸಾಕು. ಹವಳದ ಟ್ಯಾಂಕಿನ ಲೆಕ್ಕವೇ ಬೇರೆ. ತೆರೆದ ಕಡಲಿನ ನೀರಿನಲ್ಲಿ ತಾಮ್ರ ಲೀಟರಿಗೆ ಒಂದು ಮೈಕ್ರೋಗ್ರಾಂ ಕೂಡ ಇರುವುದಿಲ್ಲ. ಬಸವನಹುಳು, ಸಿಗಡಿ, ಹವಳಗಳಿಗೆ ಹತ್ತಾರು ಮೈಕ್ರೋಗ್ರಾಂನಲ್ಲೇ ತೊಂದರೆ ಶುರುವಾಗುತ್ತದೆ. ಕಿಟ್ಟಿನ ಬಣ್ಣದ ಕಾರ್ಡಿನಲ್ಲಿ ಸೊನ್ನೆಯ ಪಕ್ಕದ ಚೌಕವೇ 50 ಮೈಕ್ರೋಗ್ರಾಂ, ಕೆಲವದರಲ್ಲಿ 250. ಹಾಗಾಗಿ ಸೊನ್ನೆ ಬಂತು ಅಂದರೆ ಮೀನಿಗೆ ಔಷಧ ಹಾಕಿದಷ್ಟು ತಾಮ್ರ ಇಲ್ಲ ಅಂತ ಮಾತ್ರ ಅರ್ಥ. ಟ್ಯಾಂಕಿನ ನೀರನ್ನು ಮತ್ತೆ ಮತ್ತೆ ಪರೀಕ್ಷಿಸುವುದಕ್ಕಿಂತ ಟ್ಯಾಂಕಿಗೆ ಹೋಗುವ ನೀರನ್ನು ಪರೀಕ್ಷಿಸುವುದು ಹೆಚ್ಚು ಉಪಯೋಗದ ಕೆಲಸ.

ಕಲಬುರಗಿಯಂಥ ಊರಿನಲ್ಲಿ ಇದು ಇನ್ನೂ ಮುಖ್ಯ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ಟ್ಯಾಂಕನ್ನು 26-27ರಲ್ಲಿ ಇಡಬೇಕಾದರೆ ನೀರಿನ ಮೇಲೆ ಫ್ಯಾನ್ ಬೀಸಿಸುವವರೇ ಜಾಸ್ತಿ. ಗಾಳಿ ಒಣದು, ನೀರು ಬೇಗ ಆರುತ್ತದೆ. 200 ಲೀಟರ್ ಟ್ಯಾಂಕಿನಿಂದ ದಿನಕ್ಕೆ 4 ಲೀಟರ್ ಆರಿತು ಅಂತಿಟ್ಟುಕೊಳ್ಳಿ. ಆರಿಹೋಗುವುದು ನೀರು ಮಾತ್ರ, ಲೋಹ ಒಳಗೇ ಉಳಿಯುತ್ತದೆ. ಮೇಲೆ ತುಂಬುವ ನೀರಿನಲ್ಲಿ ಲೀಟರಿಗೆ 50 ಮೈಕ್ರೋಗ್ರಾಂ ತಾಮ್ರವಿದ್ದರೆ ದಿನಕ್ಕೆ 200 ಮೈಕ್ರೋಗ್ರಾಂ ಒಳಗೆ ಬಂದ ಹಾಗೆ. ಟ್ಯಾಂಕಿನಲ್ಲಿ ತಾಮ್ರದ ಮಟ್ಟ ದಿನಕ್ಕೆ ಲೀಟರಿಗೆ 1 ಮೈಕ್ರೋಗ್ರಾಂ ಏರುತ್ತದೆ. ಕಲ್ಲು, ಮರಳು ಏನೂ ಹೀರಿಕೊಳ್ಳಲಿಲ್ಲ ಅಂದರೆ ತಿಂಗಳಿಗೆ 30. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ 0.05 ಮಿ.ಗ್ರಾಂ, ಅಂದರೆ ಇದೇ 50 ಮೈಕ್ರೋಗ್ರಾಂ. ಬೇರೆ ಮೂಲ ಇಲ್ಲದ ಕಡೆ 1.5 ಮಿ.ಗ್ರಾಂವರೆಗೂ ನಡೆಯುತ್ತದೆ. ಮನುಷ್ಯರು ಧಾರಾಳವಾಗಿ ಕುಡಿಯಬಹುದಾದ ನೀರು ಸಿಗಡಿಗೆ ವಿಷವಾಗುವುದು ಹೀಗೆ.

‘ನಮ್ಮದು ಆರ್‌ಓ ನೀರು, ಚಿಂತೆ ಇಲ್ಲ’ ಅನ್ನುವವರು ಮೊದಲು ಯಂತ್ರದ ಮುಚ್ಚಳ ಬಿಚ್ಚಿ ನೋಡಬೇಕು. ಈಗ ಅಡುಗೆಮನೆಗೆ ಬರುವ ಎಷ್ಟೋ ಆರ್‌ಓಗಳಲ್ಲಿ ಕೊನೆಗೆ ಒಂದು ‘ಕಾಪರ್’ ಕಾರ್ಟ್ರಿಜ್ ಇರುತ್ತದೆ. ತಾಮ್ರದ ಬಿಂದಿಗೆಯ ಗುಣವನ್ನು ನೀರಿಗೆ ಸೇರಿಸುತ್ತೇವೆ ಅನ್ನುವುದೇ ಅದರ ಜಾಹೀರಾತು. ಮೆಂಬ್ರೇನ್ ಕಷ್ಟಪಟ್ಟು ತೆಗೆದುಹಾಕಿದ ತಾಮ್ರವನ್ನು ಅದು ಮತ್ತೆ ಬೆರೆಸುತ್ತದೆ. ಟಿಡಿಎಸ್ ಮೀಟರಿನಲ್ಲಿ ಇದು ಗೊತ್ತಾಗುವುದಿಲ್ಲ. ಅದು ನೂರಾರು ಮಿಲಿಗ್ರಾಂ ಲವಣ ಅಳೆಯುವ ಸಾಧನ, 50 ಮೈಕ್ರೋಗ್ರಾಂ ಅದರ ಕಣ್ಣಿಗೆ ಬೀಳದು. ಮೆಂಬ್ರೇನಿನ ಹೊರದಾರಿಯಲ್ಲಿ, ಮಿನರಲ್ ಮತ್ತು ಕಾಪರ್ ಕಾರ್ಟ್ರಿಜ್‌ಗಳಿಗೆ ಮುಂಚೆ, ಒಂದು ಟೀ (T) ಆಕಾರದ ಕನೆಕ್ಟರ್ ಹಾಕಿ ಪ್ಲಾಸ್ಟಿಕ್ ವಾಲ್ವಿನಿಂದ ಟ್ಯಾಂಕಿಗೆ ಬೇರೆ ಪೈಪು ಎಳೆದುಕೊಳ್ಳಿ. ಅದರ ಮುಂದೆ ಡಿಐ ರೆಸಿನ್ (ನೀರಿನಲ್ಲಿ ಉಳಿದ ಅಯಾನುಗಳನ್ನು ಹಿಡಿದುಕೊಳ್ಳುವ ಸಣ್ಣ ಮಣಿಗಳು) ಇಟ್ಟರೆ ಉಳಿದದ್ದೂ ಹೋಗುತ್ತದೆ. ಟಿಡಿಎಸ್ ಕಂಟ್ರೋಲರ್ ಅನ್ನುವ ಸಣ್ಣ ಬೈಪಾಸ್ ತಿರುಪು ಇದ್ದರೆ ಪೂರ್ತಿ ಮುಚ್ಚಿ. ಅದು ಬೋರಿನ ಗಡಸು ನೀರನ್ನೇ ಒಂದಿಷ್ಟು ಬೆರೆಸುತ್ತಿರುತ್ತದೆ. 20 ಲೀಟರ್ ಕ್ಯಾನ್ ತರಿಸುವವರಿಗೆ ಈ ಅವಕಾಶವಿಲ್ಲ. ಅವರು ಸರಬರಾಜುದಾರರು ಬದಲಾದಾಗಲೆಲ್ಲ ಪರೀಕ್ಷಿಸಲೇಬೇಕು.

ತಾಮ್ರ ಒಳಬರುವ ಇನ್ನೊಂದು ಬಾಗಿಲು ಹಿತ್ತಾಳೆ, ಅದೂ ತಾಮ್ರ ಬೆರೆತ ಲೋಹವೇ. ಆರ್‌ಓ ನೀರಿನಲ್ಲಿ ಲವಣ ಇಲ್ಲದ ಕಾರಣ, ಸ್ವಲ್ಪ ಆಮ್ಲೀಯವೂ ಆಗಿರುವುದರಿಂದ, ಲೋಹವನ್ನು ಸಾದಾ ನೀರಿಗಿಂತ ಜೋರಾಗಿ ಕೊರೆಯುತ್ತದೆ. ಆರ್‌ಓ ಡ್ರಮ್ಮಿಗೆ ಚೆಂದದ ಹಿತ್ತಾಳೆ ನಲ್ಲಿ ಹಾಕಿದರೆ ಶುದ್ಧ ಮಾಡಿದ್ದೆಲ್ಲ ವ್ಯರ್ಥ. ನಗರದ ನೀರು ಬಿಟ್ಟಾಗ ಎಳೆಯುವ ಟುಲ್ಲು ಪಂಪು, ಅರ್ಧ ಎಚ್‌ಪಿ ಮೋಟರುಗಳಲ್ಲಿ ಹಿತ್ತಾಳೆಯ ಇಂಪೆಲ್ಲರ್ ಸಾಮಾನ್ಯ. ನಲ್ಲಿ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಪೈಪಿನಲ್ಲಿ ನಿಂತ ನೀರು ಆ ಪಂಪಿನೊಳಗೇ ಕೂತಿರುತ್ತದೆ. ಚಳಿಗಾಲದಲ್ಲಿ ಉಪ್ಪು ಬೆರೆಸುವ ನೀರನ್ನು ಇಮ್ಮರ್ಷನ್ ರಾಡ್ ಹಾಕಿ ಬೆಚ್ಚಗೆ ಮಾಡುವವರಿದ್ದಾರೆ, ಬೀದರಿನ ಜನವರಿ ಚಳಿಗೆ ಅದು ಅರ್ಥವಾಗುವಂಥದ್ದೇ. ಆದರೆ ಆ ರಾಡು ಬಹಳ ಸಲ ನಿಕಲ್ ಲೇಪನದ ತಾಮ್ರ. ಲೇಪನ ಒಂದು ಕಡೆ ಎದ್ದರೆ ಮುಗಿಯಿತು, ಉಪ್ಪುನೀರು ಉಳಿದ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮನೆಯಲ್ಲೇ ಮಾಡಿಸಿದ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ). ಫ್ರಿಜ್ ಮೆಕ್ಯಾನಿಕ್ ತನಗೆ ಗೊತ್ತಿರುವ ತಾಮ್ರದ ಕಾಯಿಲ್‌ ಅನ್ನೇ ನೀರಿನೊಳಗೆ ಸುತ್ತಿಟ್ಟಿರುತ್ತಾನೆ. ನೀರಿಗೆ ತಾಗುವ ಕಾಯಿಲ್ ಟೈಟಾನಿಯಮ್ ಇರಬೇಕು, ಇದರಲ್ಲಿ ರಾಜಿ ಇಲ್ಲ. ಅಲಂಕಾರಕ್ಕೆಂದು ಇಡುವ ಬಿದ್ರಿ ಆನೆಯೂ ಟ್ಯಾಂಕಿನ ಪಕ್ಕದ ಕಪಾಟಿನಲ್ಲೇ ಇರಲಿ, ಅದು ಸತುವಿನ ಜೊತೆ ತಾಮ್ರ ಬೆರೆತ ಲೋಹ.

ಅಳೆಯುವುದಕ್ಕೆ ಬಣ್ಣದ ಕಾರ್ಡ್ ಬಿಟ್ಟು ಬಣ್ಣವನ್ನು ತಾನೇ ಓದಿ ಅಂಕಿ ತೋರಿಸುವ ಡಿಜಿಟಲ್ ಕಲರಿಮೀಟರ್ ಹಿಡಿಯಿರಿ. ಹನ್ನಾ ಕಂಪನಿಯ ಎಚ್‌ಐ747 ಸೊನ್ನೆಯಿಂದ 999 ಪಿಪಿಬಿವರೆಗೆ, 1 ಪಿಪಿಬಿ ಅಂತರದಲ್ಲಿ ತೋರಿಸುತ್ತದೆ. ಒಂದು ಪಿಪಿಬಿ ಅಂದರೆ ಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಂ. ಆದರೆ ನಿಖರತೆ ಓದಿನ ಶೇ 5ರ ಜೊತೆಗೆ ಹತ್ತು ಪಿಪಿಬಿ ಆಚೀಚೆ. ಪರದೆಯ ಮೇಲೆ 7 ಬಂದರೆ ಅದು ಸೊನ್ನೆಯೂ ಇರಬಹುದು, 17ಕ್ಕೆ ಹತ್ತಿರವೂ ಇರಬಹುದು. ಇದೇ ಕಂಪನಿಯ ಎಚ್‌ಐ702 ಔಷಧದ ಮಟ್ಟಕ್ಕೆ ಮಾಡಿದ್ದು, ಈ ಕೆಲಸಕ್ಕೆ ಅದನ್ನು ಕೊಳ್ಳಬೇಡಿ.

ಮಾದರಿ ತೆಗೆಯುವಲ್ಲೇ ಅರ್ಧ ತಪ್ಪು ನಡೆಯುತ್ತದೆ. ಗಾಜಿನ ಕ್ಯುವೆಟ್ (ಮೀಟರಿನೊಳಗೆ ಇಡುವ ಸಣ್ಣ ಸೀಸೆ) ಮತ್ತು ಪ್ಲಾಸ್ಟಿಕ್ ಬಾಟಲಿಯನ್ನು ಹಿಂದಿನ ರಾತ್ರಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಡಿಐ ನೀರಿನಲ್ಲಿ ತೊಳೆದು, ಪರೀಕ್ಷಿಸುವ ನೀರಿನಿಂದಲೇ ಮೂರು ಸಲ ಗಲಬರಿಸಿ. ನಲ್ಲಿಯಾದರೆ ಎರಡು ಮಾದರಿ ಬೇಕು: ರಾತ್ರಿಯಿಡೀ ನಿಂತ ನೀರಿನ ಮೊದಲ 200 ಮಿ.ಲೀ ಒಂದು, ಮೂರು ನಿಮಿಷ ಹರಿಯಬಿಟ್ಟ ಮೇಲಿನದು ಇನ್ನೊಂದು. ಮೊದಲನೆಯದು 80, ಎರಡನೆಯದು 10 ಬಂದರೆ ನೀರಿನ ಮೂಲ ಶುದ್ಧ, ತಪ್ಪು ನಲ್ಲಿ ಅಥವಾ ಫಿಟಿಂಗಿನದು. ಎರಡೂ ಒಂದೇ ಮಟ್ಟದಲ್ಲಿದ್ದರೆ ಸಂಪು, ಮೋಟರು, ಬೋರು ಹೀಗೆ ಹಿಂದಕ್ಕೆ ಹುಡುಕುತ್ತ ಹೋಗಿ.

ಕ್ಯುವೆಟ್‌ಗೆ ಸರಿಯಾಗಿ 10 ಮಿ.ಲೀ ಹಾಕಿ, ಹೊರಮೈಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ತಾಮ್ರ ಇದ್ದರೆ ಬಣ್ಣ ಬರಿಸುವ ಪುಡಿ ಹಾಕುವ ಮುಂಚೆ ಅದೇ ನೀರಿನಿಂದ ಸೊನ್ನೆ ಹೊಂದಿಸಿ. ಆಮೇಲೆ ಒಂದು ಪೊಟ್ಟಣ ಪೂರ್ತಿ ಹಾಕಿ ಮೆಲ್ಲಗೆ ತಿರುಗಿಸಿ. ಜೋರಾಗಿ ಅಲ್ಲಾಡಿಸಿದರೆ ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಗಾಜಿಗೆ ಅಂಟಿ ಅಂಕಿ ಏರಿಸುತ್ತವೆ. ಪೊಟ್ಟಣದ ಮಡಿಕೆಯಲ್ಲಿ ಉಳಿದ ಪುಡಿ, ಕ್ಯುವೆಟ್ಟಿನ ಮೇಲಿನ ಬೆರಳಗುರುತು, ಎರಡರಿಂದಲೂ ಓದು ಕೆಡುತ್ತದೆ. ಸೊನ್ನೆ ಹೊಂದಿಸುವಾಗ ಕ್ಯುವೆಟ್ ಯಾವ ಮುಖವಾಗಿತ್ತೋ ಓದುವಾಗಲೂ ಅದೇ ಮುಖ ಇರಲಿ.

ಅಂಕಿಯನ್ನು ನಂಬಬಹುದೇ ಎಂದು ತಿಳಿಯಲು ಒಂದೇ ದಾರಿ, ಗೊತ್ತಿರುವಷ್ಟು ತಾಮ್ರ ಹಾಕಿ ನೋಡುವುದು. ಕಾಲೇಜುಗಳಿಗೆ ರಾಸಾಯನಿಕ ಮಾರುವವರಲ್ಲಿ ಲ್ಯಾಬ್ ದರ್ಜೆಯ ಮೈಲುತುತ್ತ (ಕಾಪರ್ ಸಲ್ಫೇಟ್) ಸಿಗುತ್ತದೆ, ಹೊಲಕ್ಕೆ ಸಿಂಪಡಿಸುವ ದರ್ಜೆಯದು ಬೇಡ. ಹರಳು ಅಚ್ಚ ನೀಲಿ ಇರಬೇಕು. ನಮ್ಮ ಒಣ ಬಿಸಿಲಿಗೆ ತೆರೆದಿಟ್ಟ ಹರಳಿನ ಮೇಲೆ ಬಿಳಿ ಪುಡಿ ಕೂರುತ್ತದೆ, ಅಂದರೆ ಒಳಗಿನ ನೀರು ಹೋಗಿ ಅದೇ ತೂಕದಲ್ಲಿ ತಾಮ್ರ ಜಾಸ್ತಿಯಾಗಿದೆ, ಲೆಕ್ಕ ತಪ್ಪುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ 0.39 ಗ್ರಾಂ ತೂಗಿ ಒಂದು ಲೀಟರ್ ಡಿಐ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿ.ಗ್ರಾಂ ತಾಮ್ರದ ದ್ರಾವಣ. ಇದರ 1 ಮಿ.ಲೀ ಅನ್ನು ಸಿರಿಂಜಿನಿಂದ ಬೇರೆ ಬಕೆಟ್ಟಿಗೆ ತೆಗೆದಿಟ್ಟ ಒಂದು ಲೀಟರ್ ಟ್ಯಾಂಕ್ ನೀರಿಗೆ ಹಾಕಿ ತಕ್ಷಣ ಓದಿ. ಮೊದಲಿನ ಓದಿಗಿಂತ 100 ಪಿಪಿಬಿ ಏರಬೇಕು. 85ರಿಂದ 115ರೊಳಗೆ ಬಂದರೆ ಸಾಕು. 60ರಷ್ಟೇ ಬಂದರೆ ಅದೇ ಪರೀಕ್ಷೆಯನ್ನು ಡಿಐ ನೀರಿನಲ್ಲಿ ಮಾಡಿ. ಅಲ್ಲಿಯೂ 60 ಅಂದರೆ ಪುಡಿ ಹಳತಾಗಿದೆ. ಅಲ್ಲಿ 100 ಬಂದರೆ ಟ್ಯಾಂಕ್ ನೀರಿನ ಲವಣ ಅಥವಾ ಸಾವಯವ ಅಂಶ ಬಣ್ಣ ತಡೆಯುತ್ತಿದೆ, ನಿಮ್ಮ ಎಲ್ಲ ಓದುಗಳೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತಿವೆ. ಆ ಬಕೆಟ್ ನೀರನ್ನು ಚರಂಡಿಗೆ ಚೆಲ್ಲಿ, ಸಿರಿಂಜಿಗೆ ಗುರುತು ಹಾಕಿ. ದ್ರಾವಣದ ಬಾಟಲಿ ಟ್ಯಾಂಕಿರುವ ಕೋಣೆಯಲ್ಲಿ ಇರಲೇಬಾರದು: 100 ಲೀಟರ್ ಟ್ಯಾಂಕನ್ನು 50 ಪಿಪಿಬಿಗೆ ಏರಿಸಲು ಅದರ 50 ಮಿ.ಲೀ ಸಾಕು.

ಕಲರಿಮೀಟರ್ ಸೊನ್ನೆ ಅಂದರೂ ಪ್ರಯೋಗಾಲಯದ ಐಸಿಪಿ (ಮಾದರಿಯನ್ನು ಅತಿ ಬಿಸಿ ಪ್ಲಾಸ್ಮಾದಲ್ಲಿ ಸುಟ್ಟು ಲೋಹ ಅಳೆಯುವ ವಿಧಾನ) ವರದಿಯಲ್ಲಿ 12 ಪಿಪಿಬಿ ಬರುವುದುಂಟು. ಎರಡೂ ಸುಳ್ಳಲ್ಲ. ಟ್ಯಾಂಕಿನ ನೀರಿನಲ್ಲಿ ತಾಮ್ರದ ದೊಡ್ಡ ಪಾಲು ಸಾವಯವ ಅಣುಗಳಿಗೆ ಅಂಟಿಕೊಂಡಿರುತ್ತದೆ. ಪುಡಿಗೆ ಸಿಗುವುದು ಬಿಡಿಯಾಗಿರುವಷ್ಟೇ, ಐಸಿಪಿ ಎಲ್ಲವನ್ನೂ ಸುಟ್ಟು ಎಣಿಸುತ್ತದೆ. ಜೀವಿಗಳಿಗೆ ಕಚ್ಚುವುದು ಮುಖ್ಯವಾಗಿ ಬಿಡಿ ಅಯಾನು. ಆದ್ದರಿಂದ ಐಸಿಪಿಯಲ್ಲಿ 5-6 ಕಂಡು ಗಾಬರಿಯಾಗಿ ಔಷಧ ಸುರಿಯಬೇಕಿಲ್ಲ. 10 ದಾಟಿದರೆ ಮೂಲ ಹುಡುಕಿ, ಪ್ರತಿ ತಿಂಗಳೂ ಏರುತ್ತಿದ್ದರೆ ಖಂಡಿತ ಹುಡುಕಿ. ಊರಿನ ಯಾವುದಾದರೂ ನೀರು ಪರೀಕ್ಷಾಲಯಕ್ಕೆ ಕೊಡುವುದಾದರೆ ಮಾದರಿ ಸಮುದ್ರದ ಉಪ್ಪಿನದು, ಲೀಟರಿಗೆ 35 ಗ್ರಾಂ ಲವಣದ್ದು ಎಂದು ಮೊದಲೇ ಹೇಳಿ. ಕುಡಿಯುವ ನೀರಿನ ವಿಧಾನದಲ್ಲೇ ಓಡಿಸಿದರೆ ಅಂಕಿಗೆ ಅರ್ಥ ಇರುವುದಿಲ್ಲ. ಆರಿದ್ದಕ್ಕೆ ಮೇಲೆ ತುಂಬುವ (ಟಾಪ್-ಅಪ್) ನೀರನ್ನಾದರೆ ಅವರು ಸರಿಯಾಗಿಯೇ ಅಳೆದುಕೊಡುತ್ತಾರೆ.

ಬಸವನಹುಳು ಗಾಜು ಬಿಟ್ಟು ಉರುಳಿದ ಕೂಡಲೇ ತಾಮ್ರ ಎನ್ನುವುದೂ ಸರಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮೊದಲು ಉಷ್ಣತೆ ನೋಡಿ, ಆಮೇಲೆ ಲವಣಾಂಶ. ಟಾಪ್-ಅಪ್ ಎರಡು ದಿನ ನಿಂತರೆ ಲವಣಾಂಶ ಏರಿಯೇ ಏರುತ್ತದೆ. ಮೀನು ಆರಾಮಾಗಿ ತಿಂದುಕೊಂಡು, ಸಿಗಡಿ ಪೊರೆ ಬಿಟ್ಟ ಹೊತ್ತಿಗೆ ಸಾಯುತ್ತ, ಬಸವನಹುಳು ಅಂಟಿಕೊಳ್ಳದೆ ಇದ್ದರೆ ತಾಮ್ರದ ಅನುಮಾನ ಗಟ್ಟಿ.

ತೆಗೆಯಲು ಮೂಲ ನಿಲ್ಲಿಸಿ ನೀರು ಬದಲಿಸಿ. ಶೇ 30ರಂತೆ ಮೂರು ಸಲ ಬದಲಿಸಿದರೆ ಮೂರನೇ ಒಂದು ಪಾಲಿನಷ್ಟು ಉಳಿಯುತ್ತದೆ. ಜೊತೆಗೆ ಕ್ಯುಪ್ರಿಸಾರ್ಬ್‌ನಂಥ ತಾಮ್ರ ಹೀರುವ ರೆಸಿನ್ ಅಥವಾ ಪಾಲಿಫಿಲ್ಟರ್ ಎಂಬ ಸೋಸುವ ಹಾಳೆ ಇಡಿ. ಹಾಳೆ ನೀಲಿಗೆ ತಿರುಗಿದರೆ ತಾಮ್ರ ಇತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ನೀರು ಸೊನ್ನೆಗೆ ಬಂದ ಮೇಲೂ ಎರಡು-ಮೂರು ವಾರ ಅದನ್ನು ಅಲ್ಲೇ ಬಿಡಿ. ಅರಗೊನೈಟ್ (ಸುಣ್ಣದಂಶದ) ಮರಳು, ಕಲ್ಲು ಹೀರಿಕೊಂಡ ತಾಮ್ರವನ್ನು ಪಿಎಚ್ ಇಳಿದಾಗ ನಿಧಾನಕ್ಕೆ ಹಿಂದಕ್ಕೆ ಬಿಡುತ್ತವೆ. ಹೈದರಾಬಾದಿನಿಂದಲೋ ಮುಂಬೈಯಿಂದಲೋ ಸೆಕೆಂಡ್‌ಹ್ಯಾಂಡ್ ಕಲ್ಲು ತಂದರೆ, ಅದರ ಹಿಂದಿನ ಟ್ಯಾಂಕಿಗೆ ಔಷಧ ಬಿದ್ದಿತ್ತೋ ಇಲ್ಲವೋ ಎಂದು ಕೇಳಿ ಸುಮ್ಮನಾಗಬೇಡಿ. ಹೊಸ ಉಪ್ಪುನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಏರ್‌ಸ್ಟೋನ್ ಹಾಕಿ ಎರಡು ವಾರ ಮುಳುಗಿಸಿಟ್ಟು, ಮೊದಲ ದಿನ ಮತ್ತು ಕೊನೆಯ ದಿನದ ಓದು ಬರೆದಿಡಿ. ಇಪ್ಪತ್ತು ಪಿಪಿಬಿಗಿಂತ ಹೆಚ್ಚು ಏರಿದರೆ ಆ ಕಲ್ಲು ಹವಳದ ಟ್ಯಾಂಕಿಗೆ ಬೇಡ, ಮೀನು ಮಾತ್ರ ಇರುವ ಟ್ಯಾಂಕಿಗೆ ಕೊಟ್ಟುಬಿಡಿ.