ಮರಿ ಬೋವಾ ಇಲಿ ಕಕ್ಕಿದರೆ ಮೊದಲು ಏನು ನೋಡಬೇಕು?

ಸಾಕಿದ ಮರಿ ಬೋವಾ ಹಾವು ಇಲಿಮರಿ ನುಂಗಿತು. ಮೂರ್ನಾಲ್ಕು ದಿನ ಸುಮ್ನೆ ಮಲಗಿತ್ತು. ಆಮೇಲೆ ನುಂಗಿದ್ದನ್ನು ಪೂರ್ತಿ ಕಕ್ಕಿತು. ಕೂದಲು ಕಿತ್ತುಬಂದಿದೆ, ಮೈ ಮೆತ್ತಗಾಗಿದೆ, ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಇಂಥ ಕೇಸ್ ಎದುರಾದರೆ ನಮ್ಮಲ್ಲಿ ಹೆಚ್ಚಿನವರು ನೇರವಾಗಿ ಸೋಂಕಿನ ಕಡೆಗೆ ಹೋಗುತ್ತೇವೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಹಾವು ಮಲಗಿದ್ದ ಜಾಗದಲ್ಲಿ ಬಿಸಿ ಎಷ್ಟಿತ್ತು, ತೇವ ಎಷ್ಟಿತ್ತು? ಎರಡನ್ನೂ ಒಂದೇ ಜಾಗದಲ್ಲಿ ಅಳೆದಿರಬೇಕು. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

ಬೋವಾಗಳ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಹೆಬ್ಬಾವಿನಂತೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಹುಟ್ಟಿದ ಮರಿ ಸುಮಾರು ಒಂದೂವರೆ ಅಡಿ ಇರುತ್ತದೆ, ಮೊದಲ ಪೊರೆ ಬಿಟ್ಟ ಮೇಲೆ ತಿನ್ನಲು ಶುರು ಮಾಡುತ್ತದೆ. ಮೈ ತೆಳ್ಳಗಿರುವುದರಿಂದ ತೂಕಕ್ಕೆ ಹೋಲಿಸಿದರೆ ಚರ್ಮವೇ ಜಾಸ್ತಿ. ಹಾಗಾಗಿ ಮರಿ ಬೇಗ ತಣ್ಣಗಾಗುತ್ತದೆ, ಬೇಗ ಒಣಗುತ್ತದೆ. ದೊಡ್ಡ ಬೋವಾ ತಡೆದುಕೊಳ್ಳುವ ಒಂದು ತಣ್ಣನೆ ರಾತ್ರಿ ಮರಿಗೆ ತಡೆಯುವುದಿಲ್ಲ.

ಈಗ ಜೀರ್ಣದ ವಿಷಯ. ಅಪರೂಪಕ್ಕೆ ತಿನ್ನುವ ಹಾವುಗಳು ಊಟವಿಲ್ಲದ ದಿನಗಳಲ್ಲಿ ಹೊಟ್ಟೆಯ ಕೆಲಸವನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತವೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಸ್ಟೀಫನ್ ಸೀಕೋರ್ ಮತ್ತು ಜೇರೆಡ್ ಡೈಮಂಡ್ ಎಂಬ ವಿಜ್ಞಾನಿಗಳು. 1990ರ ದಶಕದಲ್ಲಿ ಅವರು ಬರ್ಮಾ ಹೆಬ್ಬಾವುಗಳ ಮೇಲೆ ಈ ಕೆಲಸ ಮಾಡಿದರು. ಉಪವಾಸದಲ್ಲಿ ಜಠರದ ಪಿಎಚ್ 7ರ ಹತ್ತಿರ ಇರುತ್ತದೆ, ಅಂದರೆ ಆಮ್ಲ ಇಲ್ಲವೇ ಇಲ್ಲ ಎನ್ನಬಹುದು. ನುಂಗಿದ ಒಂದೆರಡು ದಿನದಲ್ಲಿ ಅದು 2ರ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಕರುಳಿನ ತೂಕ ಸುಮಾರು ಎರಡು ಪಟ್ಟಾಗುತ್ತದೆ. ಬೋವಾಗಳಲ್ಲೂ ಇದೇ ತರಹದ ಏರಿಳಿತ ಇದೆ.

ಇಲ್ಲೇ ಬಿಸಿಯ ಪಾತ್ರ ಬರುವುದು. ಈ ಸಿದ್ಧತೆಗೆಲ್ಲ ಬೇಕಾದ ಶಾಖವನ್ನು ಹಾವು ಹೊರಗಿನಿಂದಲೇ ಪಡೆಯಬೇಕು. ಬ್ರೆಜಿಲ್‌ನ ಸಂಶೋಧಕರು 2003ರಲ್ಲಿ ಬೋವಾಗಳನ್ನು 25 ಮತ್ತು 30 ಡಿಗ್ರಿಯಲ್ಲಿ ಇಟ್ಟು ಹೋಲಿಸಿದ್ದಾರೆ. 30ರಲ್ಲಿ ಜೀರ್ಣ ಸಾಕಷ್ಟು ಬೇಗ ಮುಗಿಯಿತು. ಬಿಸಿ ಸಾಲದಿದ್ದರೆ ಏನಾಗುತ್ತದೆ? ಸತ್ತ ಇಲಿಯ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಹೇಗೂ ಇರುತ್ತವೆ. ಹಾವಿನ ಆಮ್ಲ ಮತ್ತು ಕಿಣ್ವ ಹೊರಗಿನಿಂದ ಒಳಗೆ ಕೆಲಸ ಮಾಡಬೇಕು, ಕೊಳೆತ ಒಳಗಿನಿಂದ ಹೊರಗೆ ಬರುತ್ತದೆ. ತಣ್ಣಗಿದ್ದರೆ ಕೊಳೆತವೇ ಮುಂದಾಗುತ್ತದೆ, ಗಾಳಿ ತುಂಬುತ್ತದೆ, ಹಾವು ಕಕ್ಕುತ್ತದೆ. ಊಟವಾದ ಮೇಲೆ ಹಾವು ತಾನಾಗಿಯೇ ಬಿಸಿ ಜಾಗ ಹುಡುಕಿ ಹೋಗುವುದು ಇದಕ್ಕೇ. ಆ ಜಾಗವೇ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು?

ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ ಹೀಗೆ: ಬಿಸಿ ತುದಿ 31ರಿಂದ 33 ಡಿಗ್ರಿ, ತಂಪು ತುದಿ 25ರಿಂದ 27, ತೇವಾಂಶ ಶೇ. 60ರಿಂದ 70. ಪೊರೆ ಬಿಡುವ ಹೊತ್ತಿಗೆ ತೇವ ಇನ್ನೂ ಸ್ವಲ್ಪ ಜಾಸ್ತಿ. ಬಾಯಿಪಾಠ ಮಾಡುವುದು ಸುಲಭ. ಆದರೆ ತೇವಾಂಶದ ಅಂಕಿ ತಾಪಮಾನ ಗೊತ್ತಿಲ್ಲದೆ ಏನೂ ಹೇಳುವುದಿಲ್ಲ. ಲೆಕ್ಕ ಮಾಡಿಯೇ ನೋಡೋಣ.

25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ತಂಪು ತುದಿಯ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಶೇ. 70 ತೋರಿಸುತ್ತಿದೆ ಎನ್ನಿ. ಅಂದರೆ ಅಲ್ಲಿ ಇರುವುದು ಸುಮಾರು 16 ಗ್ರಾಂ. ಅದೇ ಗಾಳಿ ಬಿಸಿ ತುದಿಗೆ ಹೋಗಿ 32 ಡಿಗ್ರಿ ಆಯಿತು. 16ನ್ನು 34ರಿಂದ ಭಾಗಿಸಿದರೆ ಶೇ. 47. ಮೀಟರ್ 70 ಅನ್ನುತ್ತಿದೆ, ಹೊಟ್ಟೆ ತುಂಬಿದ ಮರಿ ಮಲಗಿರುವುದು 47ರಲ್ಲಿ! ಒಂದು ಹನಿ ನೀರೂ ಹೊರಗೆ ಹೋಗಿಲ್ಲ, ಆದರೂ ಗಾಳಿ ಮರಿಯ ಮೈಯಿಂದ ನೀರು ಎಳೆಯುತ್ತಿದೆ. ಊಟದ ನಂತರ ಅದು ದಿನಗಟ್ಟಲೆ ಅಲ್ಲೇ ಇರುತ್ತದೆ ಅನ್ನುವುದನ್ನು ನೆನಪಿಡಿ.

ನೀರು ಕಡಿಮೆಯಾದ ಹಾವಿನ ಜೀರ್ಣರಸಕ್ಕೂ ಕೊರತೆ ಬೀಳುತ್ತದೆ. ಹಾವು ಸಾರಜನಕದ ಕಸವನ್ನು ಯೂರಿಕ್ ಆಮ್ಲವಾಗಿ, ಬಿಳಿ ಸುಣ್ಣದಂಥ ಮುದ್ದೆಯಾಗಿ ಹೊರಹಾಕುತ್ತದೆ. ಅದು ಹಳದಿಗೆ ತಿರುಗಿ ಕಲ್ಲಿನಂತಾಗಿದ್ದರೆ ನೀರು ಸಾಲದು ಎಂದರ್ಥ. ಪೊರೆ ಚೂರುಚೂರಾಗಿ ಬಿಟ್ಟಿದ್ದರೆ, ಕಣ್ಣಿನ ಮೇಲಿನ ಪೊರೆ ಉಳಿದುಕೊಂಡಿದ್ದರೆ, ಅದೂ ಇದೇ ಸೂಚನೆ.

ಹಾಗಂತ ಹಾಸನ್ನು ಒದ್ದೆ ಮಾಡುವುದು ಉತ್ತರವಲ್ಲ. ಒದ್ದೆ ಹಾಸಿನ ಮೇಲೆ ಹೊಟ್ಟೆಯ ಹುರುಪೆಗಳ ಚರ್ಮ ಹುಣ್ಣಾಗುತ್ತದೆ. ಒದ್ದೆಯ ಜತೆ ತಂಪೂ ಸೇರಿದರೆ ಶ್ವಾಸಕೋಶದ ಸೋಂಕು. ಬಿಸಿ ತುದಿಯಲ್ಲೇ ಪಾಚಿ (ಮಾಸ್) ತುಂಬಿದ ಒಂದು ಮುಚ್ಚಿದ ಡಬ್ಬಿ ಇಟ್ಟು, ಪಾಚಿಯನ್ನು ಹಿಂಡಿ ತೇವವಾಗಿಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಬಿಸಿಯೂ ಉಳಿಯುತ್ತದೆ, ತೇವವೂ ಉಳಿಯುತ್ತದೆ. ಮೇಲ್ಗಡೆ ಪೂರ್ತಿ ಜಾಲರಿ ಇದ್ದರೆ ಅರ್ಧ ಮುಚ್ಚಿ. ಮೀಟರಿನ ತಂತಿಯ ತುದಿಯನ್ನು ಗೋಡೆಗೆ ಅಂಟಿಸದೆ ಹಾವು ಮಲಗುವ ನೆಲಮಟ್ಟದಲ್ಲಿ ಇಡಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಇರಲೇಬೇಕು. ಅದಿಲ್ಲದೆ ಹೊಟ್ಟೆ ಸುಟ್ಟುಕೊಂಡ ಹಾವುಗಳು ಕ್ಲಿನಿಕ್‌ಗೆ ಬರುತ್ತಲೇ ಇರುತ್ತವೆ.

ನಮ್ಮ ಮಣ್ಣುಮುಕ್ಕ ಹಾವು ಕೂಡ ಬೋವಾ ಕುಟುಂಬದ್ದೇ, ಅಲ್ವಾ ಎಂದು ಕೇಳಬಹುದು. ಹೌದು. ಆದರೆ ಅದು ಒಣನೆಲದ ಹಾವು, ಈ ತೇವಾಂಶದ ಅಂಕಿಗಳು ಅದಕ್ಕಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಸಾಕುವಂತೆಯೂ ಇಲ್ಲ.

ಕಕ್ಕಿದ ಮೇಲಿನ ಆರೈಕೆಗೆ ಬರೋಣ. ಆಮ್ಲದ ಜತೆ ನೀರು, ಲವಣ ಎಲ್ಲ ಹೋಗಿರುತ್ತದೆ, ಅನ್ನನಾಳವೂ ಉರಿದಿರುತ್ತದೆ. ಮರಿ ಹಸಿದಿದೆ ಎಂದು ಮಾರನೇ ದಿನವೇ ಇಲಿ ಕೊಡುವುದು ಅತಿ ಕೆಟ್ಟ ಉಪಾಯ. ನೀರು ಸದಾ ಇರಲಿ, ಆದರೆ 10ರಿಂದ 14 ದಿನ ಊಟ ಬೇಡ. ಆಮೇಲೆ ಮಾಮೂಲಿಯ ಅರ್ಧದಷ್ಟು ಕೊಡಿ. ಮಾಮೂಲಿ ಎಂದರೆ ಮರಿಯ ತೂಕದ ಶೇ. 10ರಷ್ಟು: 60 ಗ್ರಾಂ ಮರಿಗೆ 6 ಗ್ರಾಂ ಇಲಿ, ಈಗ 3 ಗ್ರಾಂ. ತಿಂದ ಮೇಲೆ ಕನಿಷ್ಠ ಎರಡು ದಿನ ಕೈಗೆತ್ತಿಕೊಳ್ಳಬಾರದು.

ಬಿಸಿ, ತೇವ, ಇಲಿಯ ಗಾತ್ರ ಎಲ್ಲ ಸರಿಯಿದ್ದೂ ಮತ್ತೆ ಕಕ್ಕಿದರೆ ಆಗ ಸೋಂಕಿನ ಸರದಿ. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಜೀವಿಗೆ ಮಲಪರೀಕ್ಷೆ ಮಾಡಿಸಿ, ನಡುಮೈ ಊದಿದೆಯೇ ಮುಟ್ಟಿ ನೋಡಿ. ಬೋವಾದಲ್ಲಿ ಪದೇ ಪದೇ ಕಕ್ಕುವುದು ಇನ್‌ಕ್ಲೂಷನ್ ಬಾಡಿ ಕಾಯಿಲೆಯ ಲಕ್ಷಣವೂ ಹೌದು. ಅದರ ಹಿಂದೆ ಅರೀನಾವೈರಸ್ ಇರುವ ಸುಳಿವು ಸಿಕ್ಕಿದ್ದು 2012ರಲ್ಲಿ. ಮದ್ದಿಲ್ಲ. ಫಲಿತಾಂಶ ಬರುವವರೆಗೆ ಆ ಮರಿಯನ್ನು ಬೇರೆ ಕೋಣೆಯಲ್ಲಿಡಿ, ಅದರ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಸ್ವಚ್ಛ ಮಾಡಿ, ಮೈಮೇಲೆ ಉಣ್ಣಿಯಂಥ ಸಣ್ಣ ಹುಳ ಇವೆಯೇ ನೋಡಿ.